ಕ್ರಿಸ್ಟೋಫರ್ ಪ್ಲಮರ್: ತೆರೆಯ ಖ್ಯಾತಿ, ರಂಗದ ನಂಟು

2021ರ ಫೆಬ್ರುವರಿ 5ರಂದು, 91ನೇ ವಯಸ್ಸಿನಲ್ಲಿ ತೀರಿಕೊಂಡ ಕೆನಡಾದ ನಟ ಕ್ರಿಸ್ಟೋಫರ್ ಪ್ಲಮರ್ ಅವರನ್ನು ಹೆಚ್ಚಿನವರು ನೆನೆಯುವುದು 1965ರ ‘ದ ಸೌಂಡ್ ಆಫ್ ಮ್ಯೂಸಿಕ್’ ಚಿತ್ರದ ಕ್ಯಾಪ್ಟನ್ ಫಾನ್ ಟ್ರಾಪ್ ಆಗಿ. ಆ ಪಾತ್ರದ ಮೇಲೆ ಅವರಿಗೆ ಮಾತ್ರ ದಶಕಗಳ ಕಾಲ ಮುನಿಸಿತ್ತು. ಚಿತ್ರದ ಹೆಸರಿನ ಕೊನೆಯ ಪದದ ಜಾಗದಲ್ಲಿ ಸಿಂಬಳ ಎಂಬರ್ಥದ ಪದವಿಟ್ಟು ಗೇಲಿ ಮಾಡುತ್ತಿದ್ದರು. ಹಾಡುಗಳಲ್ಲಿ ಕೇಳಿಸುವ ದನಿಯೂ ಅವರದಲ್ಲ, ಬಿಲ್ ಲೀ ಎಂಬ ಗಾಯಕರದು. ಈ ಮುನಿಸು ಬರಿಯ ಅಹಂಕಾರವೆನ್ನಲಾಗದು. ಅವರು ಪಳಗಿದ ರಂಗವೇ ಬೇರೆ ಬಗೆಯದು.

ಟೊರೊಂಟೊದಲ್ಲಿ 1929ರಲ್ಲಿ ಹುಟ್ಟಿದ ಪ್ಲಮರ್, ಪ್ರಧಾನಿಯಾಗಿದ್ದ ಜಾನ್ ಅಬಟ್ ಅವರ ಮರಿಮೊಮ್ಮಗ. ಬೆಳೆದದ್ದು ಮಾಂಟ್ರಿಯಲ್ ಸಮೀಪ. ರೈಲು ಎಂಜಿನ್ ದುರಸ್ತಿಯನ್ನು ನೆಚ್ಚಿಕೊಂಡಿದ್ದ ಒಂಟಾರಿಯೊದ ಸ್ಟ್ರಾಟ್‌ಫರ್ಡ್ ಪಟ್ಟಣದಲ್ಲಿ, ಪತ್ರಕರ್ತ ಟಾಮ್ ಪ್ಯಾಟರ್ಸನ್ ಅವರ ಹಟದಿಂದ 1953ರಲ್ಲಿ ಷೇಕ್ಸ್‌ಪಿಯರ್ ನಾಟಕೋತ್ಸವ ಆರಂಭವಾಗಿತ್ತು. ದೊಡ್ಡ ಡೇರೆಯೊಳಗೆ ಮುಂದಕ್ಕೆ ಚಾಚಿದ ರಂಗ, ಅದರ ಮೂರೂ ಬದಿ ಪ್ರೇಕ್ಷಕರು. ಅಲ್ಲಿ ನಟನಿಗೆ ಮರೆಯೆಂಬುದೇ ಇಲ್ಲ. 1956ರಲ್ಲಿ ಪ್ಲಮರ್ ಅಲ್ಲಿ, ಇಂಗ್ಲೆಂಡಿನ ದೊರೆಯ ಕುರಿತ ಷೇಕ್ಸ್‌ಪಿಯರ್ ನಾಟಕದಲ್ಲಿ ಐದನೆಯ ಹೆನ್ರಿಯಾದರು. ಫ್ರೆಂಚ್ ಆಸ್ಥಾನದವರಾಗಿ ನಟಿಸಿದವರು ಕ್ವಿಬೆಕ್‌ನ ಫ್ರೆಂಚ್ ಭಾಷಿಕ ಕಲಾವಿದರು. ಎರಡು ಭಾಷೆಗಳ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ. ಒಂದು ಸಂಜೆ ಮೂತ್ರಪಿಂಡದ ಕಲ್ಲಿನ ನೋವಿನಿಂದ ಪ್ಲಮರ್ ಆಸ್ಪತ್ರೆ ಸೇರಿದಾಗ, ತಾಲೀಮನ್ನೇ ಮಾಡದಿದ್ದ ಬದಲಿ ನಟ ರಂಗವೇರಿ ಆಟ ಉಳಿಸಿದರು. ಆ ನಟ, ಮುಂದೆ ‘ಸ್ಟಾರ್ ಟ್ರೆಕ್’ನಿಂದ ಹೆಸರಾದ ವಿಲಿಯಂ ಶಾಟ್ನರ್. ಮರುವರ್ಷ ಡೇರೆಯ ಜಾಗದಲ್ಲಿ ಎದ್ದ ರಂಗಮಂದಿರ ‘ಹ್ಯಾಮ್ಲೆಟ್’ನೊಂದಿಗೆ ತೆರೆಯಿತು, ಹ್ಯಾಮ್ಲೆಟ್ ಆಗಿದ್ದವರು ಪ್ಲಮರ್.

ಸಿನಿಮಾ ಹಣ, ಹೆಸರು ತಂದರೂ ಅವರು ನಾಟಕ ಬಿಡಲಿಲ್ಲ. 1974ರಲ್ಲಿ ಮತ್ತು 1997ರಲ್ಲಿ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಬಂತು. 2002ರಲ್ಲಿ ಸ್ಟ್ರಾಟ್‌ಫರ್ಡ್‌ಗೆ ಮರಳಿ ಲಿಯರ್ ದೊರೆಯಾದರು, 2010ರಲ್ಲಿ ಎಂಬತ್ತರ ಪ್ರಾಯದಲ್ಲಿ ‘ದ ಟೆಂಪೆಸ್ಟ್’ ನಾಟಕದ ಪ್ರಾಸ್ಪೆರೊ. ಆಸ್ಕರ್ ದಕ್ಕಿದ್ದು 2012ರಲ್ಲಿ, ‘ಬಿಗಿನರ್ಸ್’ ಚಿತ್ರಕ್ಕಾಗಿ. ಆಗ ಅವರಿಗೆ 82. ಅಲ್ಲಿಯವರೆಗೆ ಅಷ್ಟು ವಯಸ್ಸಿನಲ್ಲಿ ನಟನೆಗೆ ಆಸ್ಕರ್ ಪಡೆದವರು ಯಾರೂ ಇರಲಿಲ್ಲ. ನನಗಿಂತ ಎರಡೇ ವರ್ಷ ದೊಡ್ಡವಳು ನೀನು, ಇಷ್ಟು ಕಾಲ ಎಲ್ಲಿದ್ದೆ ಎಂದು ಅವರು ವೇದಿಕೆಯಲ್ಲೇ ಪ್ರತಿಮೆಯನ್ನು ವಿಚಾರಿಸಿಕೊಂಡರು.

2017ರಲ್ಲಿ ನಿರ್ದೇಶಕ ರಿಡ್ಲಿ ಸ್ಕಾಟ್ ತಮ್ಮ ಸಿದ್ಧ ಚಿತ್ರದಿಂದ, ಲೈಂಗಿಕ ದೌರ್ಜನ್ಯದ ಆರೋಪ ಎದುರಿಸುತ್ತಿದ್ದ ನಟ ಕೆವಿನ್ ಸ್ಪೇಸಿಯವರನ್ನು ತೆಗೆದು ಆ ಪಾತ್ರವನ್ನು ಪ್ಲಮರ್‌ಗೆ ಒಪ್ಪಿಸಿದರು. ಬಿಡುಗಡೆ ತಲೆಯ ಮೇಲಿತ್ತು. ಈ ಬಾರಿ ಬದಲಿ ನಟ ಅವರೇ. ಒಂಬತ್ತು ದಿನಗಳಲ್ಲಿ ಮರುಚಿತ್ರೀಕರಣ ಮುಗಿಯಿತು, ಮತ್ತೊಂದು ಆಸ್ಕರ್ ನಾಮನಿರ್ದೇಶನವೂ ಬಂತು.