ಕಡಲ ದೋಣಿಯ ಎಂಜಿನ್ನೂ ಮಂಡ್ಯದ ಪಂಪ್‌ಸೆಟ್ಟೂ

ಮದ್ದೂರಿನ ಹತ್ತಿರ ನನಗೊಬ್ಬ ಗೆಳೆಯ ಇದ್ದಾನೆ. ಪಂಪ್‌ಸೆಟ್ ರಿಪೇರಿ ಅವನ ಕಸುಬು. ಮೊನ್ನೆ ಅವನಿಗೆ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದೆ. ಮರ್ಕ್ಯುರಿ ರೇಸಿಂಗ್ ಕಂಪನಿಯ 500ಆರ್ ಎಂಬ ಔಟ್‌ಬೋರ್ಡ್ ಎಂಜಿನ್ ಅದು. ದೋಣಿಯ ಹಿಂಭಾಗಕ್ಕೆ ನೇತುಹಾಕುವಂಥದ್ದು. 500 ಎಚ್‌ಪಿ, ತೂಕ ಸುಮಾರು 327 ಕಿಲೋ. ಅವನು ನಂಬಲಿಲ್ಲ. 'ನಮ್ಮ 5 ಎಚ್‌ಪಿ ಡೀಸೆಲ್ ಎಂಜಿನ್ ಎತ್ತೋಕೇ ನಾಲ್ಕು ಜನ ಬೇಕು, ಸುಮ್ನೆ ಹೇಳ್ಬೇಡ' ಅಂದ.

ಅವನ ಅನುಮಾನ ನ್ಯಾಯವಾದದ್ದೇ. ಎಂಜಿನ್ನಿನ ಶಕ್ತಿ ಅಂದರೆ ತಿರುಚುವ ಬಲ ಮತ್ತು ಸುತ್ತುವ ವೇಗ, ಎರಡರ ಗುಣಾಕಾರ. ಹೊಲದ ಎಂಜಿನ್ ನಿಮಿಷಕ್ಕೆ 1500 ಸುತ್ತು ಹಾಕುತ್ತದೆ. ಆ ಔಟ್‌ಬೋರ್ಡ್ 6000 ದಾಟುತ್ತದೆ. ಜೊತೆಗೆ ಅದರ 4.6 ಲೀಟರ್, ಎಂಟು ಸಿಲಿಂಡರಿನ ವಿ8 ಎಂಜಿನ್ನಿಗೆ ಸೂಪರ್‌ಚಾರ್ಜರ್ ಗಾಳಿ ತುರುಕುತ್ತದೆ. ಗಾಳಿ ಜಾಸ್ತಿ ಆದರೆ ಇಂಧನವನ್ನೂ ಜಾಸ್ತಿ ಸುಡಬಹುದು. ಮೈಸೂರಿನವರಿಗೆ ಇನ್ನೊಂದು ದಾರಿಯೂ ಗೊತ್ತು: ಟೂ ಸ್ಟ್ರೋಕ್. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಯೆಜ್ಡಿ ಬೈಕಿನ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಒಮ್ಮೆ ಇಂಧನ ಸಿಡಿಯುತ್ತಿತ್ತು. ಫೋರ್ ಸ್ಟ್ರೋಕ್ ಸಿಡಿಯುವುದು ಎರಡು ಸುತ್ತಿಗೆ ಒಮ್ಮೆ. ಟೂ ಸ್ಟ್ರೋಕ್‌ಗೆ ವಾಲ್ವ್ ಇಲ್ಲ, ಅದನ್ನು ತೆರೆಯುವ ಕ್ಯಾಮ್ ಇಲ್ಲ, ಹಾಗಾಗಿ ಹಗುರ. ದೋಣಿಗಳಲ್ಲೂ ಬಹಳ ಕಾಲ ಇದರದ್ದೇ ರಾಜ್ಯ. 1996ರಲ್ಲಿ ನಮ್ಮ ಕಾರ್ಖಾನೆಗೆ ಬೀಗ ಬಿತ್ತು. ಅದೇ ವರ್ಷ ಅಮೆರಿಕ ಔಟ್‌ಬೋರ್ಡ್‌ಗಳ ಹೊಗೆಗೆ ನಿಯಮ ತಂದಿತು. ಟೂ ಸ್ಟ್ರೋಕ್‌ಗೆ ಹೆಸರಾದ ಎವಿನ್‌ರೂಡ್ ಔಟ್‌ಬೋರ್ಡ್‌ಗಳ ತಯಾರಿ 2020ರಲ್ಲಿ ನಿಂತೇಹೋಯಿತು.

ಇಷ್ಟಕ್ಕೂ ದೋಣಿಗೆ ಹಗುರ ಎಂಜಿನ್ ಯಾಕೆ? ನಿಧಾನಕ್ಕೆ ಹೋಗುವ ದೋಣಿ ನೀರನ್ನು ಸೀಳಿಕೊಂಡು ಹೋಗುತ್ತದೆ. ವೇಗದ ದೋಣಿ ನೀರಿನ ಮೇಲೆ ಎದ್ದು ಜಾರುತ್ತದೆ. ಕೆರೆಯಲ್ಲಿ ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿದರೆ ಕುಪ್ಪಳಿಸುತ್ತಲ್ಲ, ಹೆಚ್ಚುಕಡಿಮೆ ಹಾಗೆ. ಭಾರ ಕಮ್ಮಿ ಇದ್ದಷ್ಟೂ ಮೇಲೇಳುವುದು ಸುಲಭ. ಜಾರ್ಜ್ ಕ್ರೌಚ್ ಎಂಬ ಅಮೆರಿಕದ ದೋಣಿ ವಿನ್ಯಾಸಕಾರನ ಹೆಸರಿನಲ್ಲಿ ಇದಕ್ಕೊಂದು ಸರಳ ಸೂತ್ರವೇ ಇದೆ. ಶಕ್ತಿಯನ್ನು ತೂಕದಿಂದ ಭಾಗಿಸಿ, ಅದರ ವರ್ಗಮೂಲ ತೆಗೆಯಿರಿ. ಅದನ್ನು ದೋಣಿಯ ಬಗೆಗೆ ತಕ್ಕ ಒಂದು ಸ್ಥಿರ ಸಂಖ್ಯೆಯಿಂದ ಗುಣಿಸಿದರೆ ವೇಗ ಸಿಗುತ್ತದೆ.

ಈ ವರ್ಗಮೂಲವೇ ಎಲ್ಲರ ಲೆಕ್ಕ ಕೆಡಿಸುವುದು. 3000 ಕಿಲೋ ತೂಕದ ದೋಣಿಗೆ 600 ಎಚ್‌ಪಿ ಇದೆ ಅಂದುಕೊಳ್ಳಿ. ಸೂತ್ರದ ಪ್ರಕಾರ ಗಂಟೆಗೆ ಸುಮಾರು 92 ಕಿ.ಮೀ. ಎಂಜಿನ್ ಶಕ್ತಿಯನ್ನು ದುಪ್ಪಟ್ಟು ಮಾಡಿದರೆ 184 ಆಗುವುದಿಲ್ಲ, 130 ಆಗುತ್ತದೆ ಅಷ್ಟೆ. ಅದೂ ಹೊಸ ಎಂಜಿನ್ ಒಂದು ಕಿಲೋ ಕೂಡ ಹೆಚ್ಚು ತೂಗದಿದ್ದರೆ! ಅದರ ಬದಲು 300 ಕಿಲೋ ಇಳಿಸಿದರೆ ಪುಕ್ಕಟೆಯಾಗಿ ಐದು ಕಿ.ಮೀ. ಸಿಗುತ್ತದೆ. ಅಷ್ಟನ್ನೇ ಶಕ್ತಿಯಿಂದ ಪಡೆಯಬೇಕಾದರೆ ಇನ್ನೂ 65ಕ್ಕೂ ಹೆಚ್ಚು ಎಚ್‌ಪಿ ಬೇಕು.

ತೂಕ ಎಷ್ಟು ಅನ್ನುವುದರ ಜೊತೆಗೆ ಎಲ್ಲಿದೆ ಅನ್ನುವುದೂ ಮುಖ್ಯ. ಕಬ್ಬಿನ ಕಾಲದಲ್ಲಿ ಮಂಡ್ಯದ ರಸ್ತೆಯಲ್ಲಿ ನೋಡಿರುತ್ತೀರಿ. ಹೇರು ಜಾಸ್ತಿಯಾದ ಟ್ರ್ಯಾಕ್ಟರ್ ಏರು ಹತ್ತುವಾಗ ಮುಂದಿನ ಚಕ್ರ ನೆಲ ಬಿಡುತ್ತದೆ. ಸ್ಟೀರಿಂಗ್ ಇದ್ದೂ ಇಲ್ಲದ ಹಾಗೆ. ಹಿಂಭಾಗಕ್ಕೆ ಭಾರದ ಎಂಜಿನ್ ನೇತುಹಾಕಿದ ದೋಣಿಯ ಪಾಡೂ ಹೀಗೇ. ಮೂತಿ ಆಕಾಶ ನೋಡುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ.

ಆದರೆ ನನ್ನ ಪ್ರಕಾರ ನಿಜವಾದ ಪ್ರಶ್ನೆ ಇದ್ಯಾವುದೂ ಅಲ್ಲ. ಎಷ್ಟು ಹೊತ್ತು ಓಡಬೇಕು ಅನ್ನುವುದು. ಮೈಸೂರು-ಬೆಂಗಳೂರು ಹೆದ್ದಾರಿಯಲ್ಲಿ 100ರ ವೇಗದಲ್ಲಿ ಹೋಗುವ ಸಣ್ಣ ಕಾರು ತನ್ನ ಶಕ್ತಿಯ ಸಣ್ಣ ಪಾಲನ್ನಷ್ಟೇ ಬಳಸುತ್ತದೆ. ಇಳಿಜಾರಿನಲ್ಲಿ ಸುಧಾರಿಸಿಕೊಳ್ಳುತ್ತದೆ. ದೋಣಿಗೆ ಇಳಿಜಾರೇ ಇಲ್ಲ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ವೇಗವಾಗಿ ಹೋಗುವಷ್ಟೂ ಹೊತ್ತು ಎಂಜಿನ್ ಮುಕ್ಕಾಲು ಪಾಲು ಶಕ್ತಿ ಹಾಕುತ್ತಲೇ ಇರಬೇಕು. ಅಂದರೆ ಅದರ ಬದುಕು ಬೈಕಿನದಲ್ಲ, ಪಂಪ್‌ಸೆಟ್ಟಿನದು. ಕಾರಿನ ಎಂಜಿನ್ ಬಿಚ್ಚಿ ದೋಣಿಗೆ ಕೂರಿಸಿದವರು ಸೋಲುವುದು ಇಲ್ಲೇ.

ತಯಾರಕರೂ ಇದನ್ನು ಒಪ್ಪಿಕೊಳ್ಳುತ್ತಾರೆ, ಆದರೆ ಸಣ್ಣ ಅಕ್ಷರದಲ್ಲಿ. ವೋಲ್ವೊ ಪೆಂಟಾ ತನ್ನ ಡೀಸೆಲ್ ಎಂಜಿನ್‌ಗಳಿಗೆ 1ರಿಂದ 5ರವರೆಗೆ ರೇಟಿಂಗ್ ಕೊಡುತ್ತದೆ. 1 ಅಂದರೆ ಇಡೀ ದಿನ ದುಡಿಯುವ ಮೀನುಗಾರಿಕೆ ದೋಣಿಯಂಥದ್ದಕ್ಕೆ. 5 ಅಂದರೆ ಮೋಜಿನ ದೋಣಿಗೆ, ಪೂರ್ತಿ ಶಕ್ತಿ 12 ಗಂಟೆಯಲ್ಲಿ ಒಂದೇ ಗಂಟೆ. ಒಂದೇ ಎಂಜಿನ್ ಎರಡು ರೇಟಿಂಗ್‌ನಲ್ಲಿ ಎರಡು ಬೇರೆ ಎಚ್‌ಪಿ ಹೊತ್ತು ಬರಬಹುದು. ಎಚ್‌ಪಿ ಮಾತ್ರ ನೋಡಿ ಕೊಂಡವರು ಆಮೇಲೆ ತಲೆ ಕೆರೆದುಕೊಳ್ಳುತ್ತಾರೆ.

ಹೊತ್ತು ಹೆಚ್ಚಾದಂತೆ 'ಹಗುರ' ಅನ್ನುವ ಮಾತಿನ ಅರ್ಥವೇ ಬದಲಾಗುತ್ತದೆ. ಯಾಕೆಂದರೆ ಎಂಜಿನ್ ಜೊತೆ ಇಂಧನವನ್ನೂ ಹೊರಬೇಕಲ್ವಾ? ಇಂಗ್ಲೆಂಡಿನ ಕಾಕ್ಸ್ ಕಂಪನಿಯ 300 ಎಚ್‌ಪಿ ಡೀಸೆಲ್ ಔಟ್‌ಬೋರ್ಡ್ 393 ಕಿಲೋ ತೂಗುತ್ತದೆ. ಅಷ್ಟೇ ಶಕ್ತಿಯ ಹಗುರ ಪೆಟ್ರೋಲ್ ಎಂಜಿನ್ ಸುಮಾರು 230 ಕಿಲೋ. ಎರಡೆರಡು ಹಾಕಿದರೆ ವ್ಯತ್ಯಾಸ 320 ಕಿಲೋಗಿಂತ ಸ್ವಲ್ಪ ಹೆಚ್ಚು. ಪೆಟ್ರೋಲೇ ಗೆದ್ದಿತು ಅನ್ನಿಸುತ್ತದೆ. ಈಗ 80 ಪರ್ಸೆಂಟ್ ಶಕ್ತಿಯಲ್ಲಿ ಓಡಿಸಿ. ಪೆಟ್ರೋಲ್ ಗಂಟೆಗೆ ಅಂದಾಜು 108 ಕಿಲೋ ಖರ್ಚಾದರೆ ಡೀಸೆಲ್ 79 ಕಿಲೋ. ಗಂಟೆಗೆ 29 ಕಿಲೋ ಉಳಿತಾಯ. ಹನ್ನೊಂದು ಗಂಟೆಯ ಓಟಕ್ಕೆ ಇಂಧನ ತುಂಬಿಸಿ ಹೊರಟರೆ ಎರಡೂ ಸಮ. ಅದಕ್ಕಿಂತ ದೂರ ಹೋಗಬೇಕಾದರೆ 'ಭಾರದ' ಡೀಸೆಲ್ ದೋಣಿಯೇ ಹಗುರ! ಎರಡು ಗಂಟೆಯ ರೇಸಿಗೆ ಈ ಲೆಕ್ಕ ಬೇಕಿಲ್ಲ. ಕಡಲು ಕಾಯುವ ಗಸ್ತು ದೋಣಿಗೆ ಬೇಕೇ ಬೇಕು. ಇನ್ನೊಂದು ವಿಷಯ, ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಎಂಜಿನ್ ಒಳಗಿರುವ ದೋಣಿಯಲ್ಲಿ ಅದು ತಳದಲ್ಲಿ ಹೋಗಿ ಕೂರುತ್ತದೆ, ಒಂದು ಕಿಡಿಗೆ ಕಾಯುತ್ತದೆ. ಮನೆಗೆ ವಾಪಸ್ ಬರಬೇಕು ಅನ್ನುವವರು ಡೀಸೆಲ್ ಇಷ್ಟಪಡಲು ಇದೂ ಕಾರಣ.

ಇದನ್ನೆಲ್ಲ ಹೇಳಿದಾಗ ಗೆಳೆಯ ತಲೆ ಆಡಿಸಿದ. ಅವನಿಗೆ ನಿಜಕ್ಕೂ ಹಿಡಿಸಿದ್ದು ಬೇರೆಯೇ ವಿಷಯ. ಕಡಲ ರೇಸ್ ದೋಣಿಗಳಲ್ಲಿ ಸ್ಟೀರಿಂಗ್ ಹಿಡಿಯುವವನು ಒಬ್ಬ, ಎಂಜಿನ್ ವೇಗ ನೋಡಿಕೊಳ್ಳುವವನು ಇನ್ನೊಬ್ಬ. ಅವನನ್ನು ಥ್ರಾಟಲ್‌ಮ್ಯಾನ್ ಅನ್ನುತ್ತಾರೆ. ದೋಣಿ ಅಲೆಯ ಮೇಲಿಂದ ಹಾರಿದಾಗ ಪ್ರೊಪೆಲ್ಲರ್ ನೀರಿನಿಂದ ಹೊರಗೆ ಬರುತ್ತದೆ. ಹೊರೆ ಒಮ್ಮೆಲೇ ಮಾಯ. ಎಂಜಿನ್ ಹುಚ್ಚೆದ್ದು ಸುತ್ತುತ್ತದೆ.

'ಪಂಪಿನ ಫುಟ್‌ವಾಲ್ವ್ ನೀರಿನ ಬದಲು ಗಾಳಿ ಎಳೆದಾಗ ಎಂಜಿನ್ ಕೂಗುತ್ತಲ್ಲ, ಅದೇ!' ಅಂದ ಅವನು. 'ನಮ್ದಕ್ಕೆ ವೇಗ ಹಿಡಿದಿಡೋ ಗವರ್ನರ್ ಇದೆ. ಅಲ್ಲಿ ಯಾಕೆ ಒಬ್ಬ ಮನುಷ್ಯ?'

ಗವರ್ನರ್ ಕೆಲಸ ಶುರು ಮಾಡುವುದು ವೇಗ ಏರಿದ ಮೇಲೆ. ಹುಚ್ಚೆದ್ದು ಸುತ್ತುವ ಪ್ರೊಪೆಲ್ಲರ್ ಮತ್ತೆ ನೀರಿಗೆ ಬಡಿದರೆ ಗೇರು, ಶಾಫ್ಟು ಮುರಿಯಬಹುದು. ಹಗುರ ಮಾಡಲೆಂದು ಲೋಹ ಉಳಿಸಿದ ಎಂಜಿನ್ನಿಗಂತೂ ಆ ಹೊಡೆತ ತಡೆಯುವುದು ಇನ್ನೂ ಕಷ್ಟ. ಥ್ರಾಟಲ್‌ಮ್ಯಾನ್ ಮುಂದಿನ ಅಲೆಯನ್ನು ನೋಡುತ್ತಾನೆ, ಹಾರುವ ಮೊದಲೇ ಲಿವರ್ ಹಿಂದಕ್ಕೆ ಎಳೆಯುತ್ತಾನೆ, ನೀರು ಮುಟ್ಟುವ ಹೊತ್ತಿಗೆ ಮತ್ತೆ ಮುಂದಕ್ಕೆ ತಳ್ಳುತ್ತಾನೆ. ಗೆಳೆಯ ಆ ವಿಡಿಯೊವನ್ನು ಇನ್ನೊಂದು ಸಲ ಹಾಕಿಸಿಕೊಂಡ. ಈ ಸಲ ನೋಡಲಿಲ್ಲ, ಕಣ್ಣು ಮುಚ್ಚಿ ಎಂಜಿನ್ ಸದ್ದು ಕೇಳಿದ.