ಕಣ್ಣು-ಮೂಗಿನ ದೂರ ಅಳೆಯೋದು ಬಿಟ್ಟು ಬಹಳ ಕಾಲವಾಯಿತು

ಫೇಸ್ ರೆಕಗ್ನಿಷನ್, ಅಂದ್ರೆ ಕಂಪ್ಯೂಟರ್ ಮುಖ ನೋಡಿ ಯಾರೆಂದು ಗುರುತಿಸೋದರ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ, "ಅದು ಕಣ್ಣಿಗೂ ಮೂಗಿಗೂ ಎಷ್ಟು ದೂರ ಅಂತ ಅಳೆಯುತ್ತೆ." ಇದು ಹಳೇ ಕಥೆ. 1880ರ ದಶಕದಲ್ಲಿ ಪ್ಯಾರಿಸ್ ಪೊಲೀಸರಲ್ಲಿದ್ದ ಅಲ್ಫೋನ್ಸ್ ಬರ್ಟಿಲೋನ್ ಕೈದಿಗಳು ಮತ್ತೆ ಸಿಕ್ಕಿಬಿದ್ದರೆ ಗುರುತು ಹಿಡಿಯಲೆಂದು ಅವರ ತಲೆ, ಕಿವಿ, ಪಾದ ಎಲ್ಲ ಅಳೆದು ಕಾರ್ಡಿನಲ್ಲಿ ಬರೆದಿಡುತ್ತಿದ್ದ. 1960ರ ದಶಕದಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ವುಡಿ ಬ್ಲೆಡ್‌ಸೋ ಮುಖ ಅಳೆದು ಗುರುತಿಸೋದನ್ನು ಕಂಪ್ಯೂಟರಿನಿಂದ ಮಾಡಿಸಲು ಹೊರಟ. ಆಗಲೂ ಫೋಟೊದಲ್ಲಿ ಕಣ್ಣು ಎಲ್ಲಿ, ಬಾಯಿ ಎಲ್ಲಿ ಅಂತ ಒಬ್ಬ ಮನುಷ್ಯನೇ ಕೂತು ಗುರುತು ಹಾಕಬೇಕಿತ್ತು. ತಲೆ ವಾಲಿದ್ದರೆ ಅಥವಾ ಫೋಟೊದವರು ನಗುತ್ತಿದ್ದರೆ ಇನ್ನೂ ಕಷ್ಟ.

ಈಗಿನ ದಾರಿಯೇ ಬೇರೆ. ಈಗ ಈ ಕೆಲಸ ಮಾಡೋದು ನ್ಯೂರಲ್ ನೆಟ್‌ವರ್ಕ್, ಅಂದ್ರೆ ಉದಾಹರಣೆ ನೋಡಿ ನೋಡಿ ತಾನೇ ಕಲಿಯುವ ಪ್ರೋಗ್ರಾಂ. ಮೂಗು ಅಂದ್ರೆ ಏನು ಅಂತ ಅದಕ್ಕೆ ಯಾರೂ ಹೇಳಿಕೊಡುವುದಿಲ್ಲ. 2015ರಲ್ಲಿ ಗೂಗಲ್‌ನವರು ಫೇಸ್‌ನೆಟ್ ಎಂಬ ತಮ್ಮ ನೆಟ್‌ವರ್ಕಿಗೆ ಮೂರು ಮೂರು ಫೋಟೊ ತೋರಿಸಿ ಕಲಿಸಿದರು. ಎರಡು ಒಬ್ಬರದೇ, ಮೂರನೆಯದು ಬೇರೆಯವರದು. ಪ್ರತಿ ಫೋಟೊಗೂ ಅದು 128 ಸಂಖ್ಯೆ ಕೊಡಬೇಕು, ಒಬ್ಬರದೇ ಫೋಟೊಗಳ ಸಂಖ್ಯೆಗಳು ಹತ್ತಿರ ಬರಬೇಕು, ಬೇರೆಯವರದು ದೂರ ಹೋಗಬೇಕು, ತಪ್ಪಿದರೆ ಒಳಗಿನ ಲೆಕ್ಕವನ್ನು ಚೂರು ತಿದ್ದಿ ಮತ್ತೆ ಶುರು. ಕೋಟಿಗಟ್ಟಲೆ ಫೋಟೊ ಹೀಗೆ ತೋರಿಸಿದ ಮೇಲೆ ಗಡ್ಡ ಬಿಟ್ಟ ನೀವು, ಕನ್ನಡಕದ ನೀವು, ಹಳೇ ಫೋಟೊದ ನೀವು ಎಲ್ಲ ಒಂದೇ ಮೂಲೆಗೆ ಬಂದು ಸೇರುತ್ತೀರಿ. ಆ 128ರಲ್ಲಿ 37ನೇ ಸಂಖ್ಯೆ ಏನನ್ನು ಹೇಳುತ್ತೆ ಅಂತ ಕೇಳಿದರೆ, ಮಾಡಿದವರಿಗೂ ಸುಲಭಕ್ಕೆ ಹೇಳಲಾಗದು. ನನಗಂತೂ ಇದು ಬಲು ಇಷ್ಟ.

ಇಷ್ಟವಾಗದ ಭಾಗವೂ ಇಲ್ಲೇ ಇದೆ. ಈ ನೆಟ್‌ವರ್ಕ್ ನಿಮ್ಮನ್ನು ಮೊದಲು ನೋಡಿರಲೇಬೇಕು ಅಂತಿಲ್ಲ. ಸ್ಪಷ್ಟವಾದ ಒಂದು ಫೋಟೊ ಸಾಕು, ಸಂಖ್ಯೆಗಳು ಸಿದ್ಧ. ಅವನ್ನು ಇಡೋಕೆ 128 ಬೈಟ್ ಸಾಕು. ನೀವೀಗ ಓದುತ್ತಿರುವ ಈ ಒಂದು ವಾಕ್ಯಕ್ಕೇ ಅದಕ್ಕಿಂತ ಜಾಸ್ತಿ ಜಾಗ ಬೇಕು. ಹಾಗಾಗಿ "ಫೋಟೊ ಡಿಲೀಟ್ ಮಾಡಿದೆ" ಅಂತ ಸುಮ್ನೆ ನಿರಾಳ ಆಗಬೇಡಿ. ಫೋಟೊ ಹೋದರೂ ಸಂಖ್ಯೆ ಉಳಿಯಬಹುದು. ಫೇಸ್‌ಬುಕ್ 2021ರ ನವೆಂಬರಿನಲ್ಲಿ ಮುಖ ಗುರುತಿಸೋದು ನಿಲ್ಲಿಸಿದಾಗ ಅಳಿಸುತ್ತೇವೆ ಎಂದದ್ದು 100 ಕೋಟಿಗೂ ಹೆಚ್ಚು ಜನರ ಇಂಥ ಸಂಖ್ಯೆಗಳನ್ನು. ಕೇಳದೆ ಮುಖದ ಲೆಕ್ಕ ತೆಗೆಯಬಾರದು ಅನ್ನುವ ಅಮೆರಿಕದ ಇಲಿನಾಯ್ ರಾಜ್ಯದ 2008ರ ಕಾನೂನಿನಡಿ ಫೇಸ್‌ಬುಕ್ ಮೇಲೆ ಹೂಡಿದ ದಾವೆಯ 65 ಕೋಟಿ ಡಾಲರ್ ರಾಜಿಗೆ 2021ರಲ್ಲೇ ಕೋರ್ಟಿನ ಅಂತಿಮ ಒಪ್ಪಿಗೆ ಸಿಕ್ಕಿತ್ತು.

ನೀವು ಅಕೌಂಟ್ ತೆರೆಯದೇ ಇದ್ದರೂ ಗೆಳೆಯರ ಗ್ರೂಪ್ ಫೋಟೊದಲ್ಲಿ ಇದ್ದೀರಿ, ಅಲ್ವಾ? ಕ್ಲಿಯರ್‌ವ್ಯೂ ಎಂಬ ಕಂಪನಿ ಸೋಷಿಯಲ್ ಮೀಡಿಯಾದಿಂದೆಲ್ಲ 300 ಕೋಟಿಗೂ ಹೆಚ್ಚು ಫೋಟೊ ಬಾಚಿಕೊಂಡು ಪೊಲೀಸರಿಗೆ ಹುಡುಕಲು ಕೊಡುತ್ತಿರುವುದು 2020ರಲ್ಲಿ ಬಯಲಾಯಿತು.

"ನನ್ನ ಹತ್ರ ಮುಚ್ಚಿಡೋಕೆ ಏನಿದೆ?" ಅನ್ನುವವರು ಒಂದು ಲೆಕ್ಕ ಹಾಕಿ. ಫೋನಿನ ಲಾಕ್ ತೆಗೆಯುವಾಗ ಹೋಲಿಕೆ ನಿಮ್ಮ ಒಂದೇ ಮುಖದ ಜೊತೆ. ರಾಶಿಯಲ್ಲಿ ಹುಡುಕೋದು ಹಾಗಲ್ಲ. 10 ಲಕ್ಷಕ್ಕೆ ಒಂದೇ ತಪ್ಪು ಅಂದುಕೊಂಡರೂ, 300 ಕೋಟಿ ಫೋಟೊಗಳಲ್ಲಿ ಸುಮಾರು 3,000 ತಪ್ಪು ಮುಖಗಳು "ಇವನೇ" ಅಂತ ಎದ್ದು ಬರುತ್ತವೆ.