ಬಾಲದ ಗೂಡಿನ ಹುಡುಗರು ಮತ್ತು 68 ವರ್ಷ ತಡವಾದ ಒಂದು ಪಟ್ಟಿ

ಎರಡನೇ ಮಹಾಯುದ್ಧದಲ್ಲಿ ಹಾರಿದ ಬ್ರಿಟನ್ನಿನ ಬಾಂಬರ್ ಕಮಾಂಡ್‌ನವರಿಗೆ, ಅಂದರೆ ವಾಯುಪಡೆಯ ಬಾಂಬರ್ ವಿಭಾಗದವರಿಗೆ, ಪ್ರತ್ಯೇಕ ಪದಕ ಯಾಕೆ ಸಿಗಲಿಲ್ಲ? ಒಬ್ಬರು ಡ್ರೆಸ್ಡೆನ್ (ಬಾಂಬ್ ದಾಳಿಗೆ ಸಿಕ್ಕಿದ ಜರ್ಮನ್ ನಗರ) ಅನ್ನುತ್ತಾರೆ, ಇನ್ನೊಬ್ಬರು ರಾಜಕೀಯ ಅನ್ನುತ್ತಾರೆ, ಮತ್ತೊಬ್ಬರು ಪದಕದ ನಿಯಮವೇ ಹಾಗಿತ್ತು ಅನ್ನುತ್ತಾರೆ. ಎಲ್ಲದರಲ್ಲೂ ಅಷ್ಟಿಷ್ಟು ನಿಜ ಇದೆ. ಈ ವಾದದಲ್ಲಿ ಕಾಣೆಯಾಗಿರುವವನು ಮಾತ್ರ ವಿಮಾನದೊಳಗೆ ಕೂತಿದ್ದವನು.

ಲ್ಯಾಂಕಾಸ್ಟರ್ ಬಾಂಬರ್‌ನಲ್ಲಿ ಏಳು ಜನ ಇರುತ್ತಿದ್ದರು. ಇಬ್ಬರು ಗನ್ನರ್‌ಗಳು: ಒಬ್ಬ ವಿಮಾನದ ಬೆನ್ನಿನ ಮೇಲಿನ, ಗನ್ ಕೂರಿಸಿದ ತಿರುಗುವ ಗೂಡಿನಲ್ಲಿ, ಇನ್ನೊಬ್ಬ ಬಾಲದ ತುದಿಯಲ್ಲಿ. ಬಾಲದವನು ಒಂಟಿ. ಉಳಿದವರ ಜೊತೆ ಅವನಿಗಿದ್ದ ನಂಟು ಕಿವಿಯ ಇಂಟರ್‌ಕಾಮ್ ಒಂದೇ. ಮೈನಸ್ 40 ಡಿಗ್ರಿ ಚಳಿ, ಮೈಗೆ ಕರೆಂಟಿನಿಂದ ಬಿಸಿಯಾಗುವ ಅಂಗಿ. ಕತ್ತಲು ಚೆನ್ನಾಗಿ ಕಾಣಲಿ ಅಂತ ಎದುರಿನ ಪಾರದರ್ಶಕ ಹಾಳೆಯನ್ನೇ ಕಿತ್ತುಹಾಕುತ್ತಿದ್ದದ್ದೂ ಉಂಟು. ಗೂಡು ಎಷ್ಟು ಇಕ್ಕಟ್ಟು ಅಂದರೆ ಪ್ಯಾರಾಚೂಟ್ ಒಳಗೆ ಹಿಡಿಸುತ್ತಿರಲಿಲ್ಲ, ಹಿಂದಿನ ಬಾಗಿಲಿನಾಚೆ ಇಟ್ಟಿರುತ್ತಿದ್ದರು. ಗನ್ನರ್ ಅಂದರೆ ಸುಮ್ನೆ ಗುಂಡು ಹಾರಿಸುವವನು ಅಂದುಕೊಳ್ಳುತ್ತೇವೆ ಅಲ್ವಾ? ಅವನ ನಿಜವಾದ ಕೆಲಸ ಗಂಟೆಗಟ್ಟಲೆ ಕತ್ತಲನ್ನು ದಿಟ್ಟಿಸುವುದು. ಒಂದು ಗುಂಡೂ ಹಾರಿಸದೆ ತಮ್ಮ ಪಾಲಿನ ಹಾರಾಟಗಳನ್ನೆಲ್ಲ ಮುಗಿಸಿದವರೂ ಇದ್ದರು. ಇವನ ಕೈಲಿದ್ದದ್ದು 7.7 ಮಿಲಿಮೀಟರ್ ಗುಂಡಿನ ಮೆಷಿನ್‌ಗನ್. ಜರ್ಮನ್ ರಾತ್ರಿ ವಿಮಾನಗಳಲ್ಲಿ 20 ಮಿಲಿಮೀಟರ್ ಫಿರಂಗಿಗಳಿದ್ದವು. 1943ರಿಂದ ಅವು ಬಾಂಬರ್‌ನ ಹೊಟ್ಟೆಯ ಅಡಿಗೆ ಬಂದು ಮೇಲ್ಮುಖವಾಗಿ ಹೊಡೆಯತೊಡಗಿದವು. ಗನ್ನರ್‌ಗೆ ಕಾಣದ ದಿಕ್ಕೇ ಅದು.

ಆಂಡ್ರ್ಯೂ ಮೈನಾರ್ಸ್ಕಿ ಕೆನಡಾದ ವಿನ್ನಿಪೆಗ್‌ನವನು, ಪೋಲೆಂಡ್‌ನಿಂದ ವಲಸೆ ಬಂದವರ ಮಗ. ಸೇನೆಗೆ ಸೇರುವ ಮೊದಲು ತುಪ್ಪಳದ ಬಟ್ಟೆಯ ಕೆಲಸ ಮಾಡುತ್ತಿದ್ದ. ಲ್ಯಾಂಕಾಸ್ಟರ್‌ನಲ್ಲಿ ಬೆನ್ನಿನ ಮೇಲಿನ ಗೂಡು ಅವನದು. ಬಾಲದಲ್ಲಿ ಗೆಳೆಯ ಪ್ಯಾಟ್ ಬ್ರೋಫಿ. 1944ರ ಜೂನ್ 12ರ ರಾತ್ರಿ ಇಂಗ್ಲೆಂಡಿನಿಂದ ಹೊರಟು ಫ್ರಾನ್ಸಿನ ಕಾಂಬ್ರೇ ರೈಲು ನಿಲ್ದಾಣದತ್ತ ಹಾರಿದರು. ನಡುರಾತ್ರಿ ದಾಟಿದ ಮೇಲೆ ಜರ್ಮನ್ ವಿಮಾನ ಕೆಳಗಿನಿಂದ ಹೊಡೆಯಿತು. ಎಡಗಡೆಯ ಎರಡೂ ಎಂಜಿನ್ ನಿಂತವು. ಇಬ್ಬರು ಗನ್ನರ್‌ಗಳ ನಡುವೆ ಬೆಂಕಿ ಎದ್ದಿತು.

ಕ್ಯಾಪ್ಟನ್ ಹಾರಿಕೊಳ್ಳಿ ಎಂದ. ಮೈನಾರ್ಸ್ಕಿ ಬಾಗಿಲ ಹತ್ತಿರ ಬಂದು ತಿರುಗಿ ನೋಡಿದ. ಬ್ರೋಫಿಯ ಗೂಡು ಸಿಕ್ಕಿಹಾಕಿಕೊಂಡಿತ್ತು, ಕೈಯಿಂದ ತಿರುಗಿಸುವ ಹಿಡಿಯೂ ಮುರಿದಿತ್ತು. ಮೈನಾರ್ಸ್ಕಿ ಉರಿಯುವ ಎಣ್ಣೆಯ ಮೇಲೆ ತೆವಳಿಕೊಂಡು ಹೋದ. ಮೊದಲು ಕೊಡಲಿಯಿಂದ ಮೀಟಿದ, ಆಮೇಲೆ ಬರಿಗೈಯಿಂದ ಎಳೆದ. ಸೊಂಟದಿಂದ ಕೆಳಗೆ ಬೆಂಕಿ ಹತ್ತಿತ್ತು. ಹೋಗು ಅಂತ ಬ್ರೋಫಿಯೇ ಕೈಬೀಸಿದ. ಮೈನಾರ್ಸ್ಕಿ ಹಿಂದಕ್ಕೆ ತೆವಳಿ, ಬಾಗಿಲಲ್ಲಿ ನಿಂತು ಸೆಲ್ಯೂಟ್ ಹೊಡೆದು ಹಾರಿದ. ‘ಗುಡ್ ನೈಟ್, ಸರ್’ ಅಂದ ಹಾಗಾಯಿತು ಎಂದು ಬ್ರೋಫಿ ಆಮೇಲೆ ನೆನೆದ. ಅದು ಅವರಿಬ್ಬರ ಹಳೇ ತಮಾಷೆ. ಪ್ಯಾರಾಚೂಟ್ ಉರಿಯುತ್ತಲೇ ಇಳಿಯಿತು. ಸುಟ್ಟ ಗಾಯಗಳಿಂದ ಮೈನಾರ್ಸ್ಕಿ ಸತ್ತ. ವಿಮಾನ ನೆಲಕ್ಕಪ್ಪಳಿಸಿದಾಗ ಗೂಡು ಕಿತ್ತುಬಂದು ಬ್ರೋಫಿ ಹೊರಗೆ ಎಸೆಯಲ್ಪಟ್ಟು ಬದುಕಿದ. ಅವನು ಬದುಕದಿದ್ದರೆ ಈ ಕತೆ ಹೇಳಲು ಯಾರೂ ಇರುತ್ತಿರಲಿಲ್ಲ. 1946ರಲ್ಲಿ ಮೈನಾರ್ಸ್ಕಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಬಂತು.

ಸಾಕ್ಷಿಯೇ ಉಳಿಯದ ಗೂಡುಗಳು ಎಷ್ಟಿದ್ದವೋ. ಬಾಂಬರ್ ಕಮಾಂಡ್‌ನಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ ಸತ್ತವರು 55,573.

ಹಾಗಿದ್ದರೂ ಪ್ರತ್ಯೇಕ ಪದಕ ಬರಲಿಲ್ಲ. 1945ರ ಫೆಬ್ರವರಿಯಲ್ಲಿ ಡ್ರೆಸ್ಡೆನ್‌ನಲ್ಲಿ ಬಾಂಬ್ ದಾಳಿಗೆ ಸುಮಾರು 25,000 ಜನ ಸತ್ತಿದ್ದರು. ಮಾರ್ಚ್ ಕೊನೆಗೆ ಚರ್ಚಿಲ್ ಇಂಥ ದಾಳಿಗಳನ್ನು ಪ್ರಶ್ನಿಸಿ ಟಿಪ್ಪಣಿ ಬರೆದರು, ಕೆಲವೇ ದಿನದಲ್ಲಿ ಅದನ್ನು ವಾಪಸ್ ಪಡೆದು ಮೆತ್ತಗಿನದೊಂದು ಬರೆದರು. ಮುಜುಗರ ಮಾತ್ರ ವಾಪಸ್ ಹೋಗಲಿಲ್ಲ. ನಗರಗಳನ್ನು ಗುರಿ ಮಾಡಿದ್ದು ಸರಿಯೇ ಅನ್ನುವುದು ಕೇಳಲೇಬೇಕಾದ ಪ್ರಶ್ನೆ. ಅದನ್ನು ಕೇಳಬೇಕಾದ್ದು ನಕ್ಷೆ ಹಾಸಿದ ಮೇಜಿನ ಹತ್ತಿರ, ಬಾಲದ ಗೂಡಿನ ಹತ್ತಿರ ಅಲ್ಲ. ಎರಡು ಲೆಕ್ಕ ಒಂದೇ ಪುಸ್ತಕದಲ್ಲಿ ಕಲಸಿಹೋದವು.

ಆಮೇಲೆ ಸುಮಾರು ಏಳು ದಶಕ ಸರ್ಕಾರಗಳು ಬದಲಾದವು, ಉತ್ತರ ಬದಲಾಗಲಿಲ್ಲ. ಯುದ್ಧಕಾಲದಲ್ಲಿ ಕಮಾಂಡ್‌ನ ಮುಖ್ಯಸ್ಥರಾಗಿದ್ದ ಹ್ಯಾರಿಸ್ ಪ್ರತಿಮೆ 1992ರಲ್ಲಿ ಲಂಡನ್ನಿನಲ್ಲಿ ನಿಂತಾಗ ಗಲಾಟೆಯಾಯಿತು, ಪ್ರತಿಮೆಗೆ ಬಣ್ಣ ಎರಚಿದರು. 2007ರಲ್ಲಿ ಕೆನಡಾದ ಯುದ್ಧ ಮ್ಯೂಸಿಯಂನಲ್ಲಿ ಈ ದಾಳಿಗಳ ಬಗೆಗಿನ ಒಂದು ಫಲಕದ ಬರಹಕ್ಕಾಗಿಯೇ ಜಗಳ. ಯುದ್ಧದಲ್ಲಿ ಹಾರಿದ ಹಳಬರು ಪಟ್ಟು ಹಿಡಿದ ಮೇಲೆ ಬರಹ ಬದಲಾಯಿತು. ಲಂಡನ್ನಿನ ಗ್ರೀನ್ ಪಾರ್ಕ್‌ನಲ್ಲಿ ಸ್ಮಾರಕ ತೆರೆದದ್ದು 2012ರಲ್ಲಿ. ಕಂಚಿನ ಏಳು ಜನ ನಿಂತಿದ್ದಾರೆ. ಮೇಲಿನ ಚಾವಣಿಗೆ ಬಳಸಿದ್ದು ಬೆಲ್ಜಿಯಂನಲ್ಲಿ ಉರುಳಿದ ಹ್ಯಾಲಿಫ್ಯಾಕ್ಸ್ ಬಾಂಬರ್‌ನ ಅಲ್ಯೂಮಿನಿಯಂ. ಬಾಂಬ್‌ಗೆ ಬಲಿಯಾದ ಎಲ್ಲ ದೇಶಗಳ ಜನರನ್ನು ನೆನೆಯುವ ಸಾಲೂ ಅಲ್ಲಿದೆ. ಇದನ್ನು ಮೊದಲೇ ಮಾಡಬಹುದಿತ್ತು.

2013ರಲ್ಲಿ ಕೊನೆಗೂ ಕೊಟ್ಟರು. ಪದಕ ಅಲ್ಲ, ಯುದ್ಧಸೇವೆಗೆ ಮೊದಲೇ ಸಿಕ್ಕಿದ್ದ ಹಳೆಯ ಪದಕದ ರಿಬ್ಬನ್‌ಗೆ ಸಿಕ್ಕಿಸಿಕೊಳ್ಳುವ ಒಂದು ಲೋಹದ ಪಟ್ಟಿ. ಅದರ ಮೇಲೆ ‘ಬಾಂಬರ್ ಕಮಾಂಡ್’ ಅಂತ ಎರಡೇ ಪದ. 1944ರಲ್ಲಿ 20 ವರ್ಷದವನಾಗಿದ್ದ ಗನ್ನರ್‌ಗೆ ಆಗ 89.